ಲಡಾಖ್ ನೆನೆದು ಕೊಳ್ಳುವ ಬೈಕು, ಓಡುವುದು ಚಾರ್ಮಾಡಿಯಲ್ಲಿ

ದೂರ ಪ್ರಯಾಣಕ್ಕೆ ಯಾವ ಬೈಕು ಕೊಳ್ಳಲಿ ಎಂದು ಇನ್‌ಬಾಕ್ಸಿಗೆ ಬಂದು ಕೇಳುವವರಲ್ಲಿ ಹೆಚ್ಚಿನವರು ಎರಡನೆಯ ಸಾಲಿನಲ್ಲೇ ಲಡಾಖಿನ ಹೆಸರೆತ್ತುತ್ತಾರೆ. ಈ ಬೈಕು ಖರ್ದುಂಗ್ ಲಾ ಹತ್ತುತ್ತದೆಯೇ, ಉಮ್ಲಿಂಗ್ ಲಾದ 19,024 ಅಡಿ ಎತ್ತರದಲ್ಲಿ ಉಸಿರು ಕಟ್ಟುವುದಿಲ್ಲವೇ ಎಂಬುದೇ ಅವರ ದೊಡ್ಡ ಚಿಂತೆ. ಅವರದೇ ಗೋಡೆಯಲ್ಲಿರುವ ಪ್ರವಾಸದ ಚಿತ್ರಗಳನ್ನು ನೋಡಿದರೆ ಸಕಲೇಶಪುರ, ಕುದುರೆಮುಖ, ಆಗುಂಬೆ, ಗೋಕರ್ಣ, ಹೆಚ್ಚೆಂದರೆ ಬಾದಾಮಿ ಮತ್ತು ಹಂಪಿ. ವರ್ಷಕ್ಕೆ ಹತ್ತು ಬಾರಿ ಹೋಗುವ ದಾರಿಯನ್ನು ಬಿಟ್ಟು, ಆಯುಷ್ಯದಲ್ಲಿ ಒಮ್ಮೆ ಹೋದರೂ ಹೋಗಬಹುದಾದ ದಾರಿಗೆಂದು ಮೂರು ನಾಲ್ಕು ಲಕ್ಷ ರೂಪಾಯಿ ಸುರಿಯುವುದು ನನಗೆ ಸರಿಕಾಣುವುದಿಲ್ಲ. ಬ್ರ್ಯಾಂಡುಗಳ ನಡುವಿನ ಜಗಳವೆಲ್ಲ ಹುಟ್ಟುವುದೂ ಇಲ್ಲಿಂದಲೇ. ಓಡಿಸುವ ರಸ್ತೆ ಯಾವುದೆಂದು ತೀರ್ಮಾನವಾಗದೆ ಬೈಕುಗಳನ್ನು ತೂಗಲು ಹೊರಟರೆ ತಕ್ಕಡಿ ಎತ್ತ ಬೇಕಾದರೂ ವಾಲುತ್ತದೆ.

ಲಡಾಖಿನ ಚಿಂತೆಯನ್ನು ಮೊದಲು ಮುಗಿಸಿಬಿಡೋಣ. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ, ಪೆಟ್ರೋಲಿನ ಪ್ರಮಾಣ ಮಾತ್ರ ಅಷ್ಟೇ ಉಳಿದು, ಎಂಜಿನ್ ಕೆಮ್ಮತೊಡಗುತ್ತಿದ್ದುದು ನಿಜ. 2020ರ ಏಪ್ರಿಲಿನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂದ ಮೇಲೆ ಈ ವರ್ಗದ ಬೈಕುಗಳಲ್ಲೆಲ್ಲ ಫ್ಯುಯೆಲ್ ಇಂಜೆಕ್ಷನ್ ಇದೆ. ಸೆನ್ಸರ್ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟೇ ಇಂಧನ ಕೊಡುತ್ತದೆ. ಶಕ್ತಿ ಕುಂದುತ್ತದೆ, ಆದರೆ ಬೈಕು ನಿಲ್ಲುವುದಿಲ್ಲ. ಸಣ್ಣ ಸ್ಕೂಟರುಗಳಲ್ಲಿಯೂ ಆ ಕಣಿವೆಗಳನ್ನು ದಾಟಿ ಬಂದವರಿದ್ದಾರೆ.

ಇನ್ನು ನಮ್ಮ ರಸ್ತೆಗಳು. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ನಾಲ್ಕು ಲಕ್ಷದ ಬೈಕು ಕೂಡ ಸರ್ವಿಸ್ ರಸ್ತೆಯಲ್ಲೇ, ಟ್ರ್ಯಾಕ್ಟರಿನ ಹಿಂದೆಯೇ ಹೋಗಬೇಕು. ಶಿರಾಡಿಯಲ್ಲಿ ಟ್ಯಾಂಕರುಗಳ ಸಾಲು, ಆಗುಂಬೆಯಲ್ಲಿ ಹದಿನಾಲ್ಕು ತಿರುವು, ಊರೂರಿಗೂ ಬಣ್ಣ ಬಳಿಯದ ಅವೈಜ್ಞಾನಿಕ ರಸ್ತೆ ಉಬ್ಬು. ಹೀಗಿರುವಾಗ ಗಂಟೆಗೆ 150 ಕಿಲೋಮೀಟರ್ ಮುಟ್ಟುವ ಸಾಮರ್ಥ್ಯದ ಬಗ್ಗೆ ವಾದ ಮಾಡುವುದು ಕಾಲಹರಣ. ನಾವು ನಿಜವಾಗಿ ಬದುಕುವುದು ಮೂರನೆಯ ಮತ್ತು ನಾಲ್ಕನೆಯ ಗೇರಿನಲ್ಲಿ, ಗಂಟೆಗೆ 40ರಿಂದ 80 ಕಿಲೋಮೀಟರುಗಳ ನಡುವೆ. ಉಬ್ಬು ದಾಟಿ ಮತ್ತೆ ವೇಗ ಹಿಡಿಯುವಾಗ, ಏರಿನಲ್ಲಿ ಬಸ್ಸನ್ನು ಹಿಂದಿಕ್ಕುವಾಗ, ಎಂಜಿನ್ ಕೆಳಗಿನ ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗ, ಎಷ್ಟು ಎಳೆಯುತ್ತದೆ ಎಂಬುದೇ ಮುಖ್ಯ. ಆ ಸಂಗತಿ ಜಾಹೀರಾತಿನ ದಪ್ಪ ಅಕ್ಷರಗಳಲ್ಲಿ ಇರುವುದಿಲ್ಲ.

ಈ ಕಣ್ಣಿನಿಂದ ನೋಡಿದರೆ ಅಂಕಿಗಳು ಬೇರೆಯೇ ಕಥೆ ಹೇಳುತ್ತವೆ. 2025ರಲ್ಲಿ ಹೊಸದಾಗಿ ಬಂದ ಕೆಟಿಎಂ 390 ಅಡ್ವೆಂಚರ್ 46 ಪಿಎಸ್ ಶಕ್ತಿ ಕೊಡುತ್ತದೆ, 2023ರ ನವೆಂಬರಿನಲ್ಲಿ ಬಿಡುಗಡೆಯಾದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಕೊಡುವುದು 40. ಕಾಗದದಲ್ಲಿ ಕೆಟಿಎಂ ಗೆದ್ದಿತು. ಆದರೆ ಟಾರ್ಕ್, ಅಂದರೆ ಎಂಜಿನ್ ಎಳೆಯುವ ಬಲ, ಎರಡರದೂ ಹೆಚ್ಚುಕಡಿಮೆ ಒಂದೇ, 39 ಮತ್ತು 40 ನ್ಯೂಟನ್ ಮೀಟರ್. ಹಿಮಾಲಯನ್ ಅದನ್ನು 5,500 ಆರ್‌ಪಿಎಂನಲ್ಲೇ ಕೊಡುತ್ತದೆ, ಕೆಟಿಎಂ ಅದಕ್ಕಾಗಿ ಇನ್ನೂ ಸಾವಿರದಷ್ಟು ಮೇಲಕ್ಕೆ ಏರಬೇಕು. ಸುಜುಕಿ ವಿ–ಸ್ಟ್ರಾಮ್ ಎಸ್‌ಎಕ್ಸ್‌ನಲ್ಲಿ ಇರುವುದೇ 22.2 ನ್ಯೂಟನ್ ಮೀಟರ್, ಅದೂ 7,300 ಆರ್‌ಪಿಎಂನಲ್ಲಿ. ಇಬ್ಬರು ಕುಳಿತು, ಎರಡು ಕಡೆಯೂ ಬ್ಯಾಗು ಕಟ್ಟಿ ಘಾಟಿ ಹತ್ತುವಾಗ ಅದರ ಗೇರನ್ನು ಮತ್ತೆ ಮತ್ತೆ ಇಳಿಸಬೇಕಾಗುತ್ತದೆ. ಒಬ್ಬರೇ ಹೋಗುವಾಗ ಮಾತ್ರ ಅದೇ ಬೈಕು 167 ಕಿಲೋ ತೂಕದಲ್ಲಿ ಎಷ್ಟು ಹಗುರವಾಗಿ ತಿರುವುಗಳಲ್ಲಿ ಹೊರಳುತ್ತದೆಂದರೆ, ದೊಡ್ಡ ಎಂಜಿನ್ ಏಕೆ ಬೇಕು ಎನಿಸಿಬಿಡುತ್ತದೆ.

ಎತ್ತರದ ವಿಷಯವನ್ನು ನಮ್ಮ ಹುಡುಗರು ಬಾಯಿಬಿಟ್ಟು ಹೇಳುವುದಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ಹಳೆಯ 390 ಅಡ್ವೆಂಚರಿನ ಸೀಟು ನೆಲದಿಂದ 855 ಮಿಲಿಮೀಟರ್ ಎತ್ತರದಲ್ಲಿತ್ತು; ಹೊಸದರಲ್ಲಿ ಅದನ್ನು 830ಕ್ಕೆ ಇಳಿಸಿದ್ದಾರೆ. ಹಿಮಾಲಯನ್ 450ರದು 825, ಬೇಕಾದರೆ 845ಕ್ಕೆ ಏರಿಸಬಹುದು. ಶೋರೂಮಿನ ನುಣುಪಾದ ಟೈಲ್ಸಿನ ಮೇಲೆ ಐದಡಿ ಐದಂಗುಲದವರಿಗೂ ಎರಡೂ ಕಾಲಿನ ಬೆರಳು ನೆಲ ಮುಟ್ಟುತ್ತವೆ. ಮಲೆನಾಡಿನ ರಸ್ತೆಯಂಚಿನಲ್ಲಿ ಹಾಗಲ್ಲ: ಎದುರಿನಿಂದ ಲಾರಿ ಬಂತೆಂದು ಎಡಕ್ಕೆ ಸರಿದಾಗ ಡಾಂಬರು ಮುಗಿದು ಒಂದು ಗೇಣು ಕೆಳಗೆ ಕೆಮ್ಮಣ್ಣು, ಎಡಗಾಲು ಚಾಚಿದರೆ ಗಾಳಿಯೇ ಸಿಗುತ್ತದೆ. ಹಿಂದೆ ಕುಳಿತವರ ಭಾರವೂ ಅದೇ ಕ್ಷಣದಲ್ಲಿ ಎಡಕ್ಕೆ ವಾಲುತ್ತದೆ. ಸುಮಾರು 200 ಕಿಲೋ ಬೈಕನ್ನು ಅಲ್ಲಿಂದ ಎತ್ತಿ ನಿಲ್ಲಿಸುವುದು ತೋಳಿನ ಬಲದ ಮಾತಲ್ಲ. 765 ಮಿಲಿಮೀಟರ್ ಸೀಟಿನ ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350 ಅನ್ನು ‘ಅಂಕಲ್ ಬೈಕು’ ಎಂದು ನಗುವವರು ಈ ಇಳಿಜಾರಿನಲ್ಲಿ ಒಮ್ಮೆ ನಿಂತು ನೋಡಬೇಕು.

ಹಿಂದೆ ಕೂರುವವರ ಬಗ್ಗೆಯಂತೂ ವಿಮರ್ಶಕರು ಬರೆಯುವುದೇ ಇಲ್ಲ. ಟೆಸ್ಟ್ ರೈಡಿಗೆ ಒಬ್ಬರೇ ಹೋಗಿ ಬೈಕು ಬುಕ್ ಮಾಡಿ ಬರುವ ಗಂಡಂದಿರನ್ನು ಬಹಳ ನೋಡಿದ್ದೇನೆ. ಹಿಂದಿನ ಫುಟ್‌ರೆಸ್ಟ್ ಎಷ್ಟು ಎತ್ತರದಲ್ಲಿದೆ, ಕುಳಿತವರ ಮೊಣಕಾಲು ಎಷ್ಟು ಮಡಚುತ್ತದೆ, ಬದಿಯ ಪೆಟ್ಟಿಗೆ ಕಟ್ಟಿದ ಮೇಲೆ ಹಿಮ್ಮಡಿ ಇಡಲು ಜಾಗ ಉಳಿಯುತ್ತದೆಯೇ, ಸೈಲೆನ್ಸರಿನ ಬಿಸಿ ಕಣಕಾಲಿಗೆ ತಟ್ಟುತ್ತದೆಯೇ ಎಂಬುದು ಹಿಂದೆ ಕುಳಿತು ಅರ್ಧ ಗಂಟೆ ಹೋದರೆ ಮಾತ್ರ ತಿಳಿಯುತ್ತದೆ. ಹಿಂದಿನವರಿಗೆ ಬೆನ್ನು ಹಿಡಿದರೆ ನೂರು ಕಿಲೋಮೀಟರಿಗೆ ಒಂದು ಕಾಫಿ ನಿಲುಗಡೆ ಮೂವತ್ತಕ್ಕೆ ಒಂದಾಗುತ್ತದೆ, ಆಮೇಲೆ ಪ್ರವಾಸವೇ ನಿಂತುಹೋಗುತ್ತದೆ. ಈ ಲೆಕ್ಕದಲ್ಲಿ ಬಜಾಜ್ ಡಾಮಿನಾರ್ 400ಕ್ಕೆ ಸಿಗಬೇಕಾದಷ್ಟು ಮರ್ಯಾದೆ ಸಿಗಲಿಲ್ಲ ಎಂಬುದು ನನ್ನ ಬಹುದಿನದ ದೂರು. 2021ರಿಂದ ಕಾರ್ಖಾನೆಯಲ್ಲೇ ಎತ್ತರದ ವಿಂಡ್‌ಸ್ಕ್ರೀನು, ಹಿಂದಿನವರಿಗೆ ಬೆನ್ನಿನ ಆಸರೆ, ಸಾಮಾನು ಕಟ್ಟುವ ಕ್ಯಾರಿಯರ್ ಜೋಡಿಸಿ ಕೊಡತೊಡಗಿದರು. ಅದರ ಮೂತಿ ಮಾತ್ರ ಅಡ್ವೆಂಚರ್ ಬೈಕಿನಂತಿರಲಿಲ್ಲ, ಅಷ್ಟಕ್ಕೇ ಜನ ಮುಖ ತಿರುಗಿಸಿದರು.

ಚಕ್ರದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ದಾರಿಯಲ್ಲಿ ನಿಲ್ಲಿಸುವುದು ಸಾಮಾನ್ಯವಾಗಿ ಎಂಜಿನ್ ಅಲ್ಲ, ಟೈರು. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಮೊಳೆ ಕಿತ್ತು, ತೂತನ್ನು ಉಜ್ಜಿ, ಗೋಂದು ಹಚ್ಚಿದ ಬತ್ತಿ ತುರುಕಿ, ಸಣ್ಣ ಪಂಪಿನಿಂದ ಗಾಳಿ ತುಂಬಿ ಹೊರಡಬಹುದು. ಮಳೆಯಲ್ಲೂ ಕಾಲು ಗಂಟೆಯ ಕೆಲಸ. ಟ್ಯೂಬ್ ಇರುವ ಕಡ್ಡಿ ಚಕ್ರವಾದರೆ ಕಥೆ ಬೇರೆ. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ಬೈಕನ್ನು ಕಲ್ಲಿಗೆ ಆನಿಸಬೇಕು, ಆಕ್ಸಲ್ ನಟ್ಟಿಗೆ ಸರಿಹೊಂದುವ ದೊಡ್ಡ ಸ್ಪ್ಯಾನರ್ ಜೊತೆಗಿರಬೇಕು, ಚೈನು ಕಳಚಿ ಚಕ್ರ ಹೊರತೆಗೆದು, ಗಟ್ಟಿ ಟೈರನ್ನು ರಿಮ್ಮಿನಿಂದ ಲಿವರಿನಲ್ಲಿ ಎಬ್ಬಿಸಿ, ಟ್ಯೂಬನ್ನು ಚಿವುಟದಂತೆ ಮತ್ತೆ ಒಳಗೆ ಸೇರಿಸಬೇಕು. ಕೊಟ್ಟಿಗೆಹಾರದಿಂದ ಕೆಳಗೆ ಚಾರ್ಮಾಡಿಯ ಮಂಜಿನಲ್ಲಿ, ತಿರುವಿನ ಒಳಮಗ್ಗುಲಲ್ಲಿ ಕುಳಿತು ಇದನ್ನು ಮಾಡುವವರಿಗೆ ಕಡ್ಡಿ ಚಕ್ರದ ಸೌಂದರ್ಯ ಅಷ್ಟಾಗಿ ಕಾಣುವುದಿಲ್ಲ. ಹೊಂಡದ ಏಟಿಗೆ ಕಡ್ಡಿ ಚಕ್ರ ಬಗ್ಗಿದರೂ ಬಿರುಕು ಬಿಡುವುದಿಲ್ಲ ಎಂಬ ವಾದ ಸರಿಯೇ. ಆದರೆ ಡಾಂಬರಿನಲ್ಲೇ ಹೆಚ್ಚು ಓಡುವವರಿಗೆ ನನ್ನ ಓಟು ಟ್ಯೂಬ್ ಬೇಡದ, ಲೋಹ ಎರಕದ ಅಲಾಯ್ ಚಕ್ರಕ್ಕೆ, ಮುಂದೆ 19 ಇಂಚು, ಹಿಂದೆ 17. ವಿ–ಸ್ಟ್ರಾಮ್ ಎಸ್‌ಎಕ್ಸ್ ಮತ್ತು ಅದೇ ಕೆಟಿಎಂನ ಇನ್ನೊಂದು ರೂಪವಾದ 390 ಅಡ್ವೆಂಚರ್ ಎಕ್ಸ್ ಎರಡರಲ್ಲಿಯೂ ಇರುವುದು ಇದೇ. ಹಿಮಾಲಯನ್ 450ಕ್ಕೆ ಆಮೇಲೆ ಟ್ಯೂಬ್‌ಲೆಸ್ ಕಡ್ಡಿ ಚಕ್ರವನ್ನು ಹೆಚ್ಚುವರಿ ಹಣಕ್ಕೆ ಕೊಡತೊಡಗಿದರು. ಆ ಬೈಕು ಕೊಳ್ಳುವವರು ಬಣ್ಣಕ್ಕಿಂತ ಮೊದಲು ಆ ಚಕ್ರವನ್ನು ಕೇಳಬೇಕು.

ಈಗ ಬ್ರ್ಯಾಂಡಿನ ಅಭಿಮಾನಕ್ಕೆ ಬರೋಣ. ದೇಶಿ ಬೈಕೋ, ವಿದೇಶಿ ಬೈಕೋ ಎಂಬ ಚರ್ಚೆ ಈ ವರ್ಗದಲ್ಲಿ ಅರ್ಥವನ್ನೇ ಕಳೆದುಕೊಂಡಿದೆ. ಆಸ್ಟ್ರಿಯಾದ ಹೆಸರಿನ ಕೆಟಿಎಂ 390 ಮತ್ತು ಬ್ರಿಟನ್ನಿನ ಹೆಸರಿನ ಟ್ರಯಂಫ್ 400 ಎರಡೂ ಪುಣೆ ಸಮೀಪದ ಚಾಕಣದಲ್ಲಿ ಬಜಾಜ್ ಕಾರ್ಖಾನೆಯಿಂದ ಹೊರಬರುತ್ತವೆ. ಜರ್ಮನಿಯ ಬಿಎಂಡಬ್ಲ್ಯು ಲಾಂಛನ ಹೊತ್ತಿದ್ದ ಜಿ 310 ಜಿಎಸ್ ತಯಾರಾದದ್ದು ನಮ್ಮ ಅತ್ತಿಬೆಲೆ ಗಡಿ ದಾಟಿದರೆ ಸಿಗುವ ಹೊಸೂರಿನಲ್ಲಿ, ಟಿವಿಎಸ್ ಕೈಯಲ್ಲಿ. 2024ರ ನವೆಂಬರಿನಲ್ಲಿ ಆಸ್ಟ್ರಿಯಾದ ಕೆಟಿಎಂ ಕಂಪನಿ ದಿವಾಳಿ ಪ್ರಕ್ರಿಯೆಗೆ ಅರ್ಜಿ ಹಾಕಿದಾಗ ಇಲ್ಲಿಯ ಗುಂಪುಗಳಲ್ಲಿ ಹಾಹಾಕಾರವೆದ್ದಿತ್ತು. ಬೈಕು ತಯಾರಿಸುತ್ತಿದ್ದವರು ಪುಣೆಯವರಾದ್ದರಿಂದ ಆ ಭಯಕ್ಕೆ ಅಷ್ಟು ಆಧಾರವಿರಲಿಲ್ಲ, ಮರುವರ್ಷ ಆ ಕಂಪನಿಯ ನಿಯಂತ್ರಣವೇ ಬಜಾಜ್ ಕಡೆಗೆ ಬಂತು. ಹೆಸರು ದೊಡ್ಡದಾದರೆ ಭದ್ರ ಎನ್ನುವವರು ಹಾರ್ಲೆ ಡೇವಿಡ್‌ಸನ್ 2020ರಲ್ಲಿ ಭಾರತದ ತನ್ನ ಕಾರ್ಖಾನೆಯನ್ನು ಮುಚ್ಚುವುದಾಗಿ ಘೋಷಿಸಿದ್ದನ್ನೂ ನೆನೆಯಬೇಕು.

ಕಂಪನಿ ಹೋದರೂ ಬೈಕು ಉಳಿಯುವುದು ಹೇಗೆಂಬುದಕ್ಕೆ ಮೈಸೂರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿಗಳು ಇಂದಿಗೂ ಮೈಸೂರಿನ ಬೀದಿಗಳಲ್ಲಿ ಹೊಗೆಯುಗುಳುತ್ತ ಓಡಾಡುತ್ತವೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಮಾಲೀಕರು ಗುಂಪಾಗಿ ಸೇರುತ್ತಾರೆ. ಅವುಗಳನ್ನು ಉಳಿಸಿದ್ದು ಎಂಜಿನ್ನಿನ ಶಬ್ದ ಕೇಳಿಯೇ ರೋಗ ಹೇಳುವ ಮೆಕ್ಯಾನಿಕ್‌ಗಳು ಮತ್ತು ಬಿಡಿಭಾಗ ಹುಡುಕಿ ಕೂಡಿಟ್ಟವರು. ಇಂದಿನ ಬೈಕಿನಲ್ಲಿ ಎಕ್ಸಲರೇಟರನ್ನು ವಿದ್ಯುತ್ ಸಂಕೇತದಿಂದ ನಡೆಸುವ ರೈಡ್ ಬೈ ವೈರ್, ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಮಾಡ್ಯೂಲ್, ಬಣ್ಣದ ಪರದೆ ಎಲ್ಲ ಇರುವುದರಿಂದ ರಸ್ತೆಬದಿಯ ಮೆಕ್ಯಾನಿಕ್‌ನ ಕೈ ಒಂದು ಹಂತದ ಮೇಲೆ ಕಟ್ಟಿಹೋಗುತ್ತದೆ. ಆದ್ದರಿಂದಲೇ ಅಧಿಕೃತ ಸರ್ವಿಸ್ ಸೆಂಟರ್ ಎಲ್ಲೆಲ್ಲಿದೆ ಎಂಬ ಪ್ರಶ್ನೆ ಹಿಂದೆಂದಿಗಿಂತ ದೊಡ್ಡದು.

ಇಲ್ಲಿ ಒಂದು ಅನುಭವ ಹೇಳಲೇಬೇಕು. ಕಂಪನಿಯ ಹೆಸರು ಬೇಡ. ಕರಾವಳಿಯ ಒಂದು ಊರಿನಲ್ಲಿ ನನ್ನ ಬೈಕಿನ ರೇಡಿಯೇಟರ್ ಫ್ಯಾನ್ ಕೈಕೊಟ್ಟಾಗ, ಗಾಜಿನ ಗೋಡೆಯ ಹೊಳೆಯುವ ಶೋರೂಮಿನಲ್ಲಿ ಟೀ ಶರ್ಟು, ಜಾಕೆಟ್ಟು, ಕೀಚೈನು ಎಲ್ಲವೂ ಇದ್ದವು, ಫ್ಯಾನ್ ಮಾತ್ರ ಇರಲಿಲ್ಲ. ಅದು ಬೆಂಗಳೂರಿನಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರುವವರೆಗೂ ಲಾಡ್ಜಿನ ಬಾಡಿಗೆ ಕಟ್ಟಿದೆ. ಅಂದಿನಿಂದ ಯಾರು ಕೇಳಿದರೂ ಹೇಳುವುದು ಒಂದೇ: ಬೈಕು ಬುಕ್ ಮಾಡುವ ಮೊದಲು, ನೀವು ಹೆಚ್ಚು ಹೋಗುವ ದಿಕ್ಕಿನ ಜಿಲ್ಲಾ ಕೇಂದ್ರದ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕ್ಲಚ್ ಕೇಬಲ್, ಲಿವರ್, ಬ್ರೇಕ್ ಪ್ಯಾಡ್, ಫ್ಯಾನ್ ಇವು ಕೌಂಟರಿನಲ್ಲಿ ಇವೆಯೇ ಎಂದು ವಿಚಾರಿಸಿ. ಮಾರಾಟದವರನ್ನಲ್ಲ, ಬಿಡಿಭಾಗದ ಕೌಂಟರಿನವರನ್ನೇ ಕೇಳಿ. ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಪಾಸಾಗುವುದು ರಾಯಲ್ ಎನ್‌ಫೀಲ್ಡ್, ಬಜಾಜ್, ಹೀರೊಗಳಂಥ ಹರಡಿಕೊಂಡ ಬ್ರ್ಯಾಂಡುಗಳು.

ಇಷ್ಟರ ನಡುವೆ ತೆರಿಗೆ ಒಂದು ಹೊಸ ಗೆರೆ ಎಳೆದಿದೆ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಅದಕ್ಕಿಂತ ದೊಡ್ಡವಕ್ಕೆ ಸೆಸ್ ಸೇರಿ ಶೇ 31 ಇದ್ದದ್ದು 40 ಆಯಿತು. ಹಿಮಾಲಯನ್ 450, ಕೆಟಿಎಂ 390, ಡಾಮಿನಾರ್ 400, ಟ್ರಯಂಫ್ 400 ಆಗ ಒಂದು ಬದಿಗೆ ಬಿದ್ದವು; ವಿ–ಸ್ಟ್ರಾಮ್ ಎಸ್‌ಎಕ್ಸ್, ಹೀರೊ ಎಕ್ಸ್‌ಪಲ್ಸ್ 210, ಯೆಜ್ಡಿ ಅಡ್ವೆಂಚರ್, ಮೀಟಿಯೋರ್ 350 ಇನ್ನೊಂದು ಬದಿಗೆ. ಕೆಲವು ಕಂಪನಿಗಳು ಹೆಚ್ಚಳವನ್ನು ತಾವೇ ಹೊತ್ತುಕೊಂಡವು, ಆದರೆ ಅದನ್ನು ಶಾಶ್ವತವೆಂದು ನಂಬಬೇಕಿಲ್ಲ. ಇದರ ಮೇಲೆ ಕರ್ನಾಟಕದ ಆಜೀವ ತೆರಿಗೆ, ಒಂದು ಲಕ್ಷ ರೂಪಾಯಿ ಮೀರಿದ ಬೈಕಿಗೆ ಶೇ 18 ಮತ್ತು ಸೆಸ್. ತೆರಿಗೆ ಕಡಿಮೆಯೆಂದು ಪುದುಚೇರಿ ನೋಂದಣಿಯ ಉಪಾಯ ಹೇಳುವ ಗೆಳೆಯರಿಗೆ ನಮ್ಮ ಆರ್‌ಟಿಒ ತಪಾಸಣೆಯ ಪರಿಚಯ ಇನ್ನೂ ಆಗಿಲ್ಲವೆಂದು ತೋರುತ್ತದೆ.

ನನ್ನ ತೀರ್ಪು ಕೇಳಿದರೆ: ಹೆಚ್ಚಾಗಿ ಇಬ್ಬರೇ ಹೋಗುವವರು, ಸಾಮಾನು ಕಟ್ಟುವವರು, ತೆರಿಗೆಯ ನೋವು ತಡೆದುಕೊಳ್ಳಬಲ್ಲವರು ಹಿಮಾಲಯನ್ 450 ಕೊಳ್ಳಲಿ, ಅದರ 17 ಲೀಟರ್ ಟ್ಯಾಂಕು ಮತ್ತು ಕೆಳಗಿನ ಎಳೆತಕ್ಕೆ ಈ ಬೆಲೆಯಲ್ಲಿ ಸಾಟಿ ಇಲ್ಲ. ಕೆಟಿಎಂ ಓಡಿಸುವುದರಲ್ಲೇ ಸುಖ ಕಾಣುವವರ ಬೈಕು, ಊರು ತಲುಪುವುದರಲ್ಲಿ ಸುಖ ಕಾಣುವವರದಲ್ಲ. ಅದರ ಕ್ರೂಸ್ ಕಂಟ್ರೋಲನ್ನು ಎಮ್ಮೆಗಳು ಅಡ್ಡ ಬರುವ ನಮ್ಮ ರಾಜ್ಯ ಹೆದ್ದಾರಿಯಲ್ಲಿ ಹಾಕಿ ಕೂರುವ ಧೈರ್ಯ ನನಗಂತೂ ಇಲ್ಲ. ಒಬ್ಬರೇ ತಿರುಗುವ ಬಹುಪಾಲು ಜನರಿಗೆ, ನನ್ನ ಈಗಿನ ಲೆಕ್ಕದಲ್ಲಿ, ವಿ–ಸ್ಟ್ರಾಮ್ ಎಸ್‌ಎಕ್ಸ್ ಸಾಕು, ಸಾಕಾಗಿ ಮಿಗುತ್ತದೆ. ತೆರಿಗೆಯಲ್ಲಿ ಉಳಿದ ಹಣದಲ್ಲಿ ಒಳ್ಳೆಯ ಹೆಲ್ಮೆಟ್ಟು, ಮಳೆ ತಡೆಯುವ ಜಾಕೆಟ್ಟು ಮತ್ತು ಟೈರು ಬರುತ್ತವೆ.

2025ರ ಅಕ್ಟೋಬರಿನಲ್ಲಿ ಬಂದ ಟಿವಿಎಸ್ ಅಪಾಚೆ ಆರ್‌ಟಿಎಕ್ಸ್ 300 ಬಗ್ಗೆ ಕೇಳುವವರು ಹೆಚ್ಚುತ್ತಿದ್ದಾರೆ. 299 ಸಿಸಿ, 36 ಪಿಎಸ್, ಕಡಿಮೆ ತೆರಿಗೆಯ ಬದಿ, ಕಾರ್ಖಾನೆ ಪಕ್ಕದ ಹೊಸೂರಿನಲ್ಲೇ, ಎಲ್ಲವೂ ಒಳ್ಳೆಯದೇ. ಆದರೂ ಹೊಚ್ಚಹೊಸ ಎಂಜಿನ್ನಿನ ಮೊದಲ ತಂಡದ ಬೈಕನ್ನು ನಾನು ಕೊಳ್ಳುವುದಿಲ್ಲ. ಕೊಂಡವರು ಅದರಲ್ಲಿ ಪಶ್ಚಿಮ ಘಟ್ಟದ ಒಂದು ಪೂರ್ತಿ ಮಳೆಗಾಲ ಕಳೆಯಲಿ, ಕನೆಕ್ಟರುಗಳಿಗೆ ನೀರು ನುಗ್ಗಿತೇ, ಚೈನು ತುಕ್ಕು ಹಿಡಿಯಿತೇ, ಸರ್ವಿಸ್ ಸೆಂಟರಿನವರು ಏನೆಂದರು ಎಂದು ಅವರ ಬಾಯಿಂದಲೇ ಕೇಳಿ, ಆಮೇಲೆ ಬೇಕಾದರೆ ಮುಂಗಡ ಕೊಡಬಹುದು.