ಮೈ ಆರಲಿ, ಆಮೇಲೆ ಬಡಿಸು

ನಮ್ಮ ಅತ್ತಿಗೆ ವಾಕಿಂಗ್ ಬಿಟ್ಟುಬಿಟ್ಟಿದ್ದಾರೆ. ಆರು ತಿಂಗಳು ದಿನಾ ಬೆಳಿಗ್ಗೆ ನಾವಿಬ್ಬರೂ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ನಡೆದೆವು. ತೂಕ ಒಂದು ಕಿಲೋ ಕೂಡ ಇಳಿಯಲಿಲ್ಲ. "ಸುಮ್ನೆ ನಿದ್ದೆಗೆಟ್ಟಿದ್ದೇ ಬಂತು" ಅಂದರು. ನನಗೆ ತುಂಬ ಬೇಜಾರಾಯಿತು.

ನಡಿಗೆ ಮುಗಿಸಿ ನಾವು ಸೀದಾ ಹೋಟೆಲಿಗೆ ಹೋಗುತ್ತಿದ್ದೆವು. ಎರಡೆರಡು ಬನ್ಸ್, ಭಾಜಿ, ಚಹಾ. ಇಷ್ಟು ನಡೆದಿದ್ದೇವಲ್ಲ ಅನ್ನುವ ಧೈರ್ಯ. 65 ಕಿಲೋ ತೂಕದವರು ಒಂದು ತಾಸು ನಡೆದರೆ ಖರ್ಚಾಗುವುದು ಸುಮಾರು 250 ಕ್ಯಾಲರಿ. ಎಣ್ಣೆಯಲ್ಲಿ ಕರಿದ ಎರಡು ಬನ್ಸಿನಲ್ಲೇ ಅದಕ್ಕಿಂತ ಜಾಸ್ತಿ ಇರುತ್ತದೆ.

ಆಗ ನಿಜವಾಗಿ ಹಸಿವಾಗಿತ್ತಾ? ಇಲ್ಲ. ಜೋರಾಗಿ ಓಡಿದಾಗ ಹಸಿವೆ ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಸ್ವಲ್ಪ ಹೊತ್ತು ಇಳಿಯುತ್ತದೆ. ಹೊಟ್ಟೆ ತುಂಬಿದೆ ಅನ್ನಿಸುವ ಹಾರ್ಮೋನುಗಳು ಏರುತ್ತವೆ. ನಡಿಗೆಯಲ್ಲಿ ಅಷ್ಟು ಇಳಿಯದಿದ್ದರೂ, ಮುಗಿದ ಕೂಡಲೇ ಹಸಿವೆ ಏರುವುದೂ ಸಾಮಾನ್ಯವಾಗಿ ಇಲ್ಲ. ನಮ್ಮಜ್ಜ ಮೀನು ಹಿಡಿಯುವ ದೊಡ್ಡ ರಂಪಣಿ ಬಲೆ ಎಳೆದು ಬಂದು ಕೂಡಲೇ ಗಂಜಿಗೆ ಕೂರುತ್ತಿರಲಿಲ್ಲ. "ಮೈ ಆರಲಿ, ಆಮೇಲೆ ಬಡಿಸು" ಅನ್ನುತ್ತಿದ್ದರು. ಬನ್ಸ್ ಕೇಳಿದ್ದು ನಮ್ಮ ಹೊಟ್ಟೆಯಲ್ಲ, ಹೋಟೆಲಿನ ವಾಸನೆ ಮತ್ತು ರೂಢಿ.

ಹಾಗಂತ ನಡೆಯುವುದನ್ನೇ ಬಿಟ್ಟರೆ? 1956ರಲ್ಲಿ ಪೌಷ್ಟಿಕತೆಯ ತಜ್ಞ ಜೀನ್ ಮೇಯರ್ ಮತ್ತು ಅವರ ಜೊತೆಗಾರರು ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯ ಕೆಲಸಗಾರರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಭಾರ ಹೊರುವವರು ಜಾಸ್ತಿ ತಿನ್ನುತ್ತಿದ್ದರು, ಅದು ಸರಿ. ಆದರೆ ದಿನವಿಡೀ ಕೂತೇ ಇರುವವರೂ ಹಗುರ ಕೆಲಸ ಮಾಡುವವರಿಗಿಂತ ಜಾಸ್ತಿ ತಿನ್ನುತ್ತಿದ್ದರು! ತೂಕವೂ ಅವರದ್ದೇ ಹೆಚ್ಚು. ಆಮೇಲಿನ ಹಲವು ಅಧ್ಯಯನಗಳೂ ಹೆಚ್ಚುಕಡಿಮೆ ಇದೇ ಮಾತು ಹೇಳಿವೆ. ಮೈ ಆಡದಿದ್ದರೆ "ಸಾಕು" ಅನ್ನುವುದು ಹೊಟ್ಟೆಗೆ ಸರಿಯಾಗಿ ಗೊತ್ತಾಗುವುದಿಲ್ಲ. ನಾನಂತೂ ಈಗ ನಡೆಯುವುದು ಇದಕ್ಕೇ. ತಕ್ಕಡಿ ನೋಡುವುದು ಬಿಟ್ಟಿದ್ದೇನೆ. ರಾತ್ರಿ ಎರಡನೇ ಸಲ ಅನ್ನ ಹಾಕಿಕೊಳ್ಳುವುದು ತಾನಾಗಿ ನಿಂತಿದೆ.

ಹೋಟೆಲಿಗೆ ಹೋಗಲೇಬಾರದು ಅಂತಲ್ಲ. ಭಾನುವಾರ ಹೋಗೋಣ, ಬನ್ಸ್ ಇಷ್ಟ ಅಂತ ತಿನ್ನೋಣ. ನಡೆದಿದ್ದಕ್ಕೆ ಕೂಲಿ ಅಂತ ಬೇಡ.

ಅತ್ತಿಗೆ, ನೀವಿದನ್ನು ಓದುತ್ತೀರಿ ಅಂತ ಗೊತ್ತು. ನಾಳೆ ಐದೂವರೆಗೆ ನಿಮ್ಮ ಗೇಟಿನ ಹತ್ತಿರ ಬಂದು ಕರೆಯುತ್ತೇನೆ. ನಡೆದು ಸೀದಾ ನಮ್ಮನೆಗೇ ಬರೋಣ. ಸ್ವಲ್ಪ ಹೊತ್ತು ಜಗಲಿ ಮೇಲೆ ಕೂರಿ. ಮೈ ಆರಿದ ಮೇಲೆ ನಾನೇ ದೋಸೆ ಎರೆದು ಕೊಡುತ್ತೇನೆ.