ಬಳೆ ಮನೆಗೆ ಬಂತು

ಮೊನ್ನೆ ಗುರುವಾರ, ಸಾಲಕ್ಕೆ ಅಡ ಇಟ್ಟಿದ್ದ ನನ್ನ ಎರಡು ಚಿನ್ನದ ಬಳೆ ಬ್ಯಾಂಕಿನಿಂದ ಮನೆಗೆ ಬಂದವು. ಹದಿನೈದು ತಿಂಗಳಾಗಿತ್ತು. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಮನೆಯೊಳಗಿನ ಸಾಲದ ವಿಷಯ ಯಾರೂ ಹೊರಗೆ ಹೇಳಿಕೊಳ್ಳುವುದಿಲ್ಲ. ಆದರೆ ಚಿಕ್ಕ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದೇ ಕಥೆ ಅಂತ ನನಗೆ ಗೊತ್ತು. ನಮ್ಮನೆಯವರನ್ನು ಕೇಳಿ, ಅವರು ಹೂಂ ಅಂದ ಮೇಲೇ ಬರೆಯುತ್ತಿದ್ದೇನೆ.

ನಾವಿರುವುದು ತುಮಕೂರಿನಲ್ಲಿ, ಬಾಡಿಗೆ ಮನೆ. ಅವರಿಗೆ ವಸಂತನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಕೈಗೆ ಬರುವುದು 34,000. ನಾನು ಎರಡು ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಅದರಿಂದ 9,000. ಇಬ್ಬರು ಮಕ್ಕಳು. ಚಿಕ್ಕವಳು ಹುಟ್ಟಿದ್ದು 2022ರ ಸೆಪ್ಟೆಂಬರ್‌ನಲ್ಲಿ, ಸಿಸೇರಿಯನ್. ಹುಟ್ಟಿದ ಕೂಡಲೇ ಕಾಮಾಲೆ, ಐದು ದಿನ ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ ಇಡಬೇಕಾಯಿತು. ಅದರ ಹಿಂದೆಯೇ ನಾದಿನಿಯ ಮದುವೆ. ಮೂರು ಲಕ್ಷ ಪರ್ಸನಲ್ ಲೋನ್ ತೆಗೆದೆವು. ಐದು ವರ್ಷ, ತಿಂಗಳಿಗೆ 7,137 ಕಂತು. ಅಣ್ಣ ಐವತ್ತು ಸಾವಿರ ಕೈಸಾಲ ಕೊಟ್ಟ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಆಗ ತುಂಬಾ ಜನ ಬುದ್ಧಿ ಹೇಳಿದರು. ನನಗೆ ನಿಜಕ್ಕೂ ಬೇಜಾರಾಗುತ್ತಿತ್ತು. ಗಾಜಿನ ಪೆಟ್ಟಿಗೆಯೊಳಗೆ ನೀಲಿ ಬೆಳಕಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದ ಕೂಸಿಗೆ ಯಾವ ಹಾಸಿಗೆಯ ಲೆಕ್ಕ ಹೇಳಲಿ? ಆ ಸಾಲಕ್ಕೆ ನಾನು ಇವತ್ತಿಗೂ ನಾಚಿಕೆ ಪಡುವುದಿಲ್ಲ.

ನಾಮಕರಣ ಮಾತ್ರ ಅನಾವಶ್ಯಕವಾಗಿ ದೊಡ್ಡದಾಯಿತು. ನೂರೈವತ್ತು ಜನಕ್ಕೆ ಊಟ. ಅದನ್ನೆಲ್ಲ ಕ್ರೆಡಿಟ್ ಕಾರ್ಡ್‌ನಲ್ಲಿ ಉಜ್ಜಿದ್ದು ನನಗೆ ಗೊತ್ತಾಗಿದ್ದು ವರ್ಷದ ಮೇಲೆ. 2024ರ ಫೆಬ್ರವರಿಯ ಒಂದು ಭಾನುವಾರ ಅವರ ಫೋನ್‌ಗೆ ಬ್ಯಾಂಕಿನ ಮೆಸೇಜ್ ಬಂತು. ಬಾಕಿ 86,000. ನಾನು ಕೂಗಾಡಲಿಲ್ಲ. ಅವರ ಮುಖ ನೋಡಿದರೆ ಕೂಗಾಡಲು ಮನಸ್ಸೂ ಬರಲಿಲ್ಲ. "ನಿಂಗೆ ಹಾಲೂಡಿಸೋ ಟೈಮಲ್ಲಿ ಟೆನ್ಷನ್ ಕೊಡೋದು ಬೇಡ ಅಂತ ಸುಮ್ನಿದ್ದೆ ಕಣೇ" ಅಂದರು.

ಅವತ್ತು ಮಕ್ಕಳು ಮಲಗಿದ ಮೇಲೆ ಒಂದು ಹಳೇ ಡೈರಿ ತೆಗೆದುಕೊಂಡು ಕೂತೆವು. ಮುಂದಿನ ಎಂಟು ಹತ್ತು ಹಾಳೆ ದೊಡ್ಡವನು ಕ್ರೇಯಾನ್‌ನಲ್ಲಿ ಗೀಚಿದ್ದ. ಅದನ್ನು ದಾಟಿ ಬರೆದೆವು. ಪರ್ಸನಲ್ ಲೋನ್ ಬಾಕಿ 2,40,000. ಕಾರ್ಡ್ 86,000. ಅಣ್ಣನದು 50,000. ಫೋನ್ ಕಂತು ಇನ್ನೂ ಐದು ತಿಂಗಳು, ತಿಂಗಳಿಗೆ 2,800. ಕೂಡಿಸಿದರೆ ಮೂರು ಲಕ್ಷದ ತೊಂಬತ್ತು ಸಾವಿರ. ಅಷ್ಟು ದಿನ ಅದು ಅವರ ಎದೆ ಮೇಲೆ ಒಬ್ಬರದೇ ಭಾರ ಆಗಿತ್ತು. ಹಾಳೆ ಮೇಲೆ ಬಂದ ಮೇಲೆ ಇಬ್ಬರದೂ ಆಯಿತು. ಗಂಡ ಹೆಂಡತಿ ಒಬ್ಬರಿಗೊಬ್ಬರು ಮುಚ್ಚಿಟ್ಟ ಸಾಲಕ್ಕಿಂತ ದುಬಾರಿ ಸಾಲ ಇನ್ನೊಂದಿಲ್ಲ ಅಂತ ನನಗೆ ಅವತ್ತು ಅನ್ನಿಸಿತು.

ಲೆಕ್ಕ ಬರೆಯುವವಳಾಗಿಯೂ ನಾನು ಕಾರ್ಡಿನ ಬಡ್ಡಿಯನ್ನು ಅಷ್ಟು ಗಮನವಿಟ್ಟು ನೋಡಿರಲಿಲ್ಲ. ತಿಂಗಳಿಗೆ ಮೂರೂವರೆ ಪರ್ಸೆಂಟ್. ಕೇಳಲು ಎಷ್ಟು ಸಣ್ಣದು ಅಲ್ವಾ? ವರ್ಷಕ್ಕೆ 42. 86,000ಕ್ಕೆ ತಿಂಗಳಿಗೆ 3,010 ಬಡ್ಡಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಹತ್ತಿರ ಹತ್ತಿರ 3,550. ಇವರು ಪ್ರತಿ ತಿಂಗಳು ತಪ್ಪದೆ ಮಿನಿಮಮ್ ಡ್ಯೂ (ಕನಿಷ್ಠ ಇಷ್ಟಾದರೂ ಕಟ್ಟಿ ಅಂತ ಬ್ಯಾಂಕ್ ಕೇಳುವ ಮೊತ್ತ) ಅಂತ ಕಟ್ಟುತ್ತಿದ್ದದ್ದು 4,300. ಅಂದರೆ ಅಸಲಿಗೆ ಹೋಗುತ್ತಿದ್ದದ್ದು ಏಳುನೂರೈವತ್ತು ರೂಪಾಯಿ! ಅದೇ ಕಾರ್ಡ್‌ನಲ್ಲಿ ಒಂದು ಡೈಪರ್ ಪ್ಯಾಕ್, ಒಂದು ಸಿರಪ್ ತಂದರೆ ಆ ಏಳುನೂರೈವತ್ತೂ ವಾಪಸ್ ಏರಿ ಕೂರುತ್ತದೆ. ಹಳೇ ಬಾಕಿ ಇರುವಾಗ ಹೊಸದಾಗಿ ಕೊಂಡದ್ದಕ್ಕೆ ನಲವತ್ತೈದು ದಿನ, ಐವತ್ತು ದಿನ ಬಡ್ಡಿ ಇಲ್ಲ ಅನ್ನುವ ಸೌಲಭ್ಯವೂ ಇರುವುದಿಲ್ಲ. ಕೊಂಡ ದಿನದಿಂದಲೇ ಬಡ್ಡಿ. ಮಿನಿಮಮ್ ಡ್ಯೂ ಕಟ್ಟಿದೆವು ಅಂತ ನೆಮ್ಮದಿಯಾಗಿರುವ ಎಲ್ಲರೂ ದಯವಿಟ್ಟು ಒಮ್ಮೆ ಸ್ಟೇಟ್‌ಮೆಂಟ್ ತೆಗೆದು ಬಡ್ಡಿಯ ಸಾಲನ್ನು ಓದಿ.

ಬಳೆ ಅಡ ಇಡೋಣ ಅಂದವಳು ನಾನೇ. ಅವರು ಒಪ್ಪಲಿಲ್ಲ. ಅಮ್ಮ ಅಂತೂ ಫೋನಿನಲ್ಲೇ ಅತ್ತರು. "ಮದುವೆಗೆ ಹಾಕಿದ ಬಳೆ ಕಣಮ್ಮಾ, ಜನ ಏನಂದಾರು." ನನ್ನ ಅಭಿಪ್ರಾಯ ಆಗಲೂ ಈಗಲೂ ಒಂದೇ. ನಮ್ಮ ಮನೆಗಳಲ್ಲಿ ಚಿನ್ನ ಅಡ ಇಟ್ಟರೆ ಮರ್ಯಾದೆ ಹೋಯಿತು ಅನ್ನುತ್ತಾರೆ. ಕಾರ್ಡ್ ಉಜ್ಜಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಬೀರುವಿನಲ್ಲಿ ಬಟ್ಟೆ ಸುತ್ತಿಟ್ಟ ಚಿನ್ನ, ಹೊರಗೆ ನೂರಕ್ಕೆ 42 ಬಡ್ಡಿ. ಇದರಲ್ಲಿ ಯಾವ ಮರ್ಯಾದೆ ಇದೆ?

ಸೋಪಿನ ನೀರು ಹಚ್ಚಿ ಬಳೆ ಬಿಚ್ಚಿದೆ. ಮಣಿಕಟ್ಟಿನಲ್ಲಿ ಬಿಳಿ ಗೆರೆ ಉಳಿಯಿತು. ಬ್ಯಾಂಕಿನಲ್ಲಿ ಚಿನ್ನ ನೋಡುವವರು ಒಂದು ಸಣ್ಣ ಟೇಬಲ್ ಮುಂದೆ ಕೂತಿದ್ದರು. ಬಳೆಯ ಒಳಗಿನ ಅಂಚನ್ನು ಒರೆಗಲ್ಲಿಗೆ ನಿಧಾನವಾಗಿ ಉಜ್ಜಿದರು. ಕಪ್ಪು ಕಲ್ಲಿನ ಮೇಲೆ ಕೂದಲೆಳೆಯಂಥ ಹಳದಿ ಗೆರೆ. ಆಮ್ಲದ ಹನಿ ಬಿಟ್ಟು ನೋಡಿದರು, ತೂಕ ಹಾಕಿದರು, 24 ಗ್ರಾಂ. ಚೀಲಕ್ಕೆ ಹಾಕಿ ಸೀಲ್ ಮಾಡಿ ನನ್ನ ಕೈಲೂ ಅದರ ಮೇಲೆ ಸಹಿ ಹಾಕಿಸಿದರು. ಚಿನ್ನದ ಬೆಲೆಯ ಮುಕ್ಕಾಲು ಭಾಗದವರೆಗೆ ಸಾಲ ಕೊಡಬಹುದು ಅನ್ನುವುದು ಆಗಿದ್ದ ರಿಸರ್ವ್ ಬ್ಯಾಂಕ್ ನಿಯಮ. ನಮಗೆ ಬೇಕಾಗಿದ್ದು 86,000, ಅಷ್ಟೇ ತೆಗೆದುಕೊಂಡೆವು. ಇನ್ನೂ ಕೊಡುತ್ತೇವೆ ಅಂದರು, ಬೇಡ ಅಂದೆ. ಬಡ್ಡಿ ವರ್ಷಕ್ಕೆ ಒಂಬತ್ತೂವರೆ. ಮೊದಲ ತಿಂಗಳ ಬಡ್ಡಿ 680 ರೂಪಾಯಿ. 3,550 ಎಲ್ಲಿ, 680 ಎಲ್ಲಿ!

ಅವತ್ತೇ ಕಾರ್ಡಿನ ಪೂರ್ತಿ ಬಾಕಿ ಕಟ್ಟಿದೆವು. ಆಮೇಲಿನ ಸ್ಟೇಟ್‌ಮೆಂಟ್‌ನಲ್ಲಿ ಉಳಿದ ಚಿಲ್ಲರೆ ಬಡ್ಡಿಯನ್ನೂ ಕಟ್ಟಿ, ಕಾರ್ಡ್ ಮುಚ್ಚಿಸಿ, ಬಾಕಿ ಇಲ್ಲ ಅಂತ ಪತ್ರ ತೆಗೆದುಕೊಂಡೆವು. ಇದನ್ನು ಮಾತ್ರ ಮರೆಯಬೇಡಿ. ಕಾರ್ಡ್ ಇಟ್ಟುಕೊಂಡು ಚಿನ್ನ ಅಡ ಇಟ್ಟರೆ ಆರು ತಿಂಗಳಲ್ಲಿ ಎರಡೂ ಕಡೆ ಸಾಲ ಇರುತ್ತದೆ. ಚಿನ್ನವೂ ಹರಾಜಿಗೆ ಹೋಗಬಹುದು.

ಮೊದಲು ಕಾರ್ಡಿಗೆ ಹೋಗುತ್ತಿದ್ದ 4,300 ಅನ್ನೇ ಚಿನ್ನದ ಸಾಲಕ್ಕೆ ಕಟ್ಟಿದೆವು. ಫೋನ್ ಕಂತು ಮುಗಿದ ಮೇಲೆ ಅದರ 2,800 ಕೂಡ ಅಲ್ಲಿಗೇ. ನಡುವೆ ಒಮ್ಮೆ ರಿನ್ಯೂವಲ್, ಅಂದರೆ ಸಾಲದ ಅವಧಿ ಮುಂದುವರಿಸಿಕೊಂಡೆವು. ಒಂದು ರೂಪಾಯಿ ಹೆಚ್ಚಿಗೆ ದುಡಿಯಲಿಲ್ಲ, ಆದರೂ ಹದಿನೈದು ತಿಂಗಳಲ್ಲಿ ಮುಗಿಯಿತು.

ಮಕ್ಕಳ ಹೊಟ್ಟೆ ಕಟ್ಟಿ ಸಾಲ ತೀರಿಸಲಿಲ್ಲ. ದಿನಕ್ಕೆ ಒಂದೂವರೆ ಲೀಟರ್ ಹಾಲಿಗೆ ಯಾವತ್ತೂ ಕೈ ಹಾಕಲಿಲ್ಲ. ಕಡಿಮೆಯಾಗಿದ್ದು ಬೇರೆ ಕಡೆ. ಚಿಕ್ಕವಳ ಚುಚ್ಚುಮದ್ದನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಹಾಕಿಸಿದೆವು, ಒಂದಕ್ಕೂ ದುಡ್ಡಿಲ್ಲ. ದೊಡ್ಡವನನ್ನು ಪ್ರೀ ಕೆಜಿಗೆ ಸೇರಿಸಲು 28,000 ಕೇಳಿದ್ದರು. ಬೇಡ ಅಂತ ಬೀದಿಯ ಕೊನೆಯ ಅಂಗನವಾಡಿಗೆ ಕಳಿಸಿದೆ. ಹಾಲು, ಮೊಟ್ಟೆ ಕೊಡುತ್ತಾರೆ, ಹಾಡು ಕಲಿಸುತ್ತಾರೆ. "ಮೊಟ್ಟೆ ತಿಂದೆ, ಟೀಚರ್ ಇನ್ನೂ ಅರ್ಧ ಕೊಟ್ಟರು" ಅಂತ ಓಡಿ ಬರುತ್ತಿದ್ದ. ಮೂರು ವರ್ಷದ ಮಗುವಿಗೆ ಟೈ ಕಟ್ಟಲು ಸಾಲ ಮಾಡುವವರನ್ನು ಕಂಡರೆ ನನಗೆ ಸಂಕಟ ಆಗುತ್ತದೆ. ಅಂಗನವಾಡಿ ಟೀಚರ್‌ಗಳ ಮೇಲೆ ನನಗಿರುವ ಗೌರವ ಈ ಒಂದು ವರ್ಷದಲ್ಲಿ ದುಪ್ಪಟ್ಟಾಗಿದೆ.

ಇನ್ನೊಂದು, ಹಿಟ್ಟಿನ ಡಬ್ಬಿಗಳ ಹಿಂದೆ ಹಳೇ ಹಾರ್ಲಿಕ್ಸ್ ಬಾಟಲಿ. ಮೊದಲ ನಾಲ್ಕು ತಿಂಗಳು ಏನೇ ಉಳಿದರೂ ಅದಕ್ಕೇ ಹಾಕಿದೆ. 15,000 ಆಗುವವರೆಗೆ ಯಾವ ಸಾಲಕ್ಕೂ ಹೆಚ್ಚಿಗೆ ಕಟ್ಟಲಿಲ್ಲ. ಬಡ್ಡಿ ಲೆಕ್ಕದಲ್ಲಿ ಅದು ತಪ್ಪು ಅಂತ ನನಗೂ ಗೊತ್ತು. ಆದರೆ ಆಗಸ್ಟ್‌ನಲ್ಲಿ ಮಕ್ಕಳಿಬ್ಬರಿಗೂ ಒಟ್ಟಿಗೇ ಜ್ವರ ಬಂದಾಗ, ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಗೆ ಹೊರಟಾಗ ಯಾರಿಗೂ ಫೋನ್ ಮಾಡಬೇಕಾಗಲಿಲ್ಲ.

ಅಣ್ಣನ ದುಡ್ಡಿಗೆ ಬಡ್ಡಿ ಇಲ್ಲ. ಕೊನೆಗೆ ಕೊಡು ಅಂತ ಅವನೇ ಹೇಳಿದ್ದ. ಆದರೂ ಪ್ರತಿ ತಿಂಗಳು ಐದನೇ ತಾರೀಕು ಒಂದು ಸಾವಿರ ಹಾಕುತ್ತಾ ಬಂದೆ. ಹಬ್ಬಕ್ಕೆ ತವರಿಗೆ ಹೋದಾಗ ಅತ್ತಿಗೆಯ ಮುಖ ನೋಡಿ ಮಾತಾಡಬೇಕಲ್ಲ.

ಪರ್ಸನಲ್ ಲೋನ್ ಇನ್ನೂ 29 ಕಂತು ಇದೆ, ಬಾಕಿ 1,72,000. ಮುಂಚೆ ಮುಚ್ಚಿದರೆ ನೂರಕ್ಕೆ ನಾಲ್ಕು ದಂಡ, ಹಾಗಾಗಿ ಅದು ತನ್ನ ಪಾಡಿಗೆ ನಡೆಯಲಿ ಅಂತ ಬಿಟ್ಟಿದ್ದೇವೆ. ನಿನ್ನೆ ರಾತ್ರಿ ಡೈರಿಯಲ್ಲಿ ಜೂನ್ ತಿಂಗಳ ಹಾಳೆಗೆ ಗೆರೆ ಹಾಕಿದೆವು. ಚಿನ್ನದ ಸಾಲಕ್ಕೆ ಹೋಗುತ್ತಿದ್ದ 7,100 ಈಗ ನಮ್ಮ ಕೈಯಲ್ಲೇ ಇದೆ. ದೊಡ್ಡವನ ಎಲ್‌ಕೆಜಿ ಫೀಸಿಗೆ 3,000. ಬಾಟಲಿಗೆ 2,000. ಉಳಿದದ್ದನ್ನು ಅಣ್ಣನ ಸಾವಿರಕ್ಕೆ ಸೇರಿಸಿದರೆ ಮುಂದಿನ ಮೇ ಹೊತ್ತಿಗೆ ಅವನ ಹೆಸರು ಡೈರಿಯಿಂದ ಹೋಗುತ್ತದೆ. "ರೀ, ನಾಳೆ ಅಮ್ಮನ ಮನೆಗೆ ಹೋಗ್ಬರೋಣ್ವಾ, ಬಳೆ ಹಾಕ್ಕೊಂಡು" ಅಂತ ನಾನು ಕೇಳುವ ಮೊದಲೇ ನಮ್ಮನೆಯವರು ಪೆನ್ಸಿಲ್ ಕೆಳಗಿಟ್ಟು ಅಮ್ಮನಿಗೆ ಫೋನ್ ಮಾಡಿದರು.