ಮಾತಿಲ್ಲದ ದೆವ್ವ

ಲಂಡನ್ನಿನ ಫಾರ್ಚ್ಯೂನ್ ಥಿಯೇಟರ್‌ನಲ್ಲಿ 'ದಿ ವುಮನ್ ಇನ್ ಬ್ಲ್ಯಾಕ್' ಅನ್ನೋ ದೆವ್ವದ ನಾಟಕ 1989ರಲ್ಲಿ ಶುರುವಾಗಿದ್ದು 2023ರ ಮಾರ್ಚ್ ತನಕ ನಡೀತು, ಒಟ್ಟು 13,232 ಪ್ರದರ್ಶನ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡದವರ ದೆವ್ವದ ನಾಟಕ ಒಂದೇ ಸಲ ನಡೀತು, ಅದೂ ಪೂರ್ತಿ ನಡೀತು ಅಂತ ನಾನು ಆಣೆ ಮಾಡಿ ಹೇಳಲ್ಲ.

ಆ ಲಂಡನ್ ನಾಟಕದ ವಿಷಯ ಎತ್ತಿದ್ದು ನಮ್ಮ ಖಜಾಂಚಿ ಮಾಮ. ಅವರಿಗೆ ಹಿಡಿಸಿದ್ದು ಕಥೆ ಅಲ್ಲ, ಖರ್ಚು. ಸುಸಾನ್ ಹಿಲ್ ಬರೆದ 1983ರ ಕಾದಂಬರೀನ ಸ್ಟೀಫನ್ ಮಲ್ಲಾಟ್ರಾಟ್ ನಾಟಕ ಮಾಡಿದ್ದು 1987ರ ಕ್ರಿಸ್‌ಮಸ್‌ಗೆ, ಇಂಗ್ಲೆಂಡಿನ ಸ್ಕಾರ್ಬರೋ ಊರಲ್ಲಿ, ಥಿಯೇಟರ್‌ನವರ ಕೈಲಿ ಉಳಿದಿದ್ದೇ ಚೂರುಪಾರು ದುಡ್ಡು, ಹಂಗಾಗಿ ಮಾತಾಡೋಕೆ ಇಬ್ಬರೇ ಗಂಡಸರು, ಒಂದು ಬೆತ್ತದ ಪೆಟ್ಟಿಗೆನೇ ಒಮ್ಮೆ ಕುದುರೆ ಗಾಡಿ, ಒಮ್ಮೆ ರೈಲು, ಒಮ್ಮೆ ಮಂಚ. ಕಥೇಲಿ ನಾಯಿ ಇದೆ, ಸ್ಟೇಜ್ ಮೇಲಿಲ್ಲ, ನಟ ಗಾಳೀಲಿ ಕೈಯಾಡಿಸಿ ಸವರ್ತಾನೆ, ಜನ ನಂಬ್ತಾರೆ. "ಬಿಸ್ಕತ್ತಿನ ಖರ್ಚೂ ಇಲ್ಲ ಮಾರಾಯ್ರೇ!" ಅಂತ ಮಾಮ ಕುಣಿದಾಡಿಬಿಟ್ರು.

ಸರಿ, ಅದೇ ಧಾಟಿಯಲ್ಲಿ ಕರಾವಳಿಯ ಹಳೇ ಮನೆಯ ಕಥೆ ಒಂದನ್ನ ನಾವೇ ಬರ್ಕೊಂಡ್ವಿ. ಬೆತ್ತದ ಪೆಟ್ಟಿಗೆ ಸಿಗಲಿಲ್ಲ, ಮಾಮ ಮಾರ್ಕೆಟ್ಟಿಂದ ಮೀನಿನ ಥರ್ಮಾಕೋಲ್ ಡಬ್ಬ ತಂದ್ರು, ಪುಕ್ಕಟೆ. ಎಷ್ಟು ತೊಳೆದ್ರೂ ಬಂಗಡೆ ವಾಸನೆ ಹೋಗ್ಲಿಲ್ಲ, ಮೇಲಾಗಿ ಹೀರೋ ಕೂತಾಗೆಲ್ಲ ಕಿರ್ ಕಿರ್ ಅನ್ನೋದು, ನನ್ನ ಕೇಳಿದ್ರೆ ಇಡೀ ನಾಟಕದಲ್ಲಿ ನಿಜವಾಗ್ಲೂ ಮೈ ಜುಮ್ ಅನ್ನಿಸಿದ್ದು ಆ ಸದ್ದೊಂದೇ. ಟೆರೇಸ್ ಮೇಲೆ ಪ್ರಾಕ್ಟೀಸ್ ಮಾಡೋವಾಗ ಸ್ಪೀಕರ್‌ನಲ್ಲಿ ಹೆಂಗಸು ಕಿರುಚೋ ರೆಕಾರ್ಡಿಂಗ್ ಹಾಕಿದ್ವಿ, ವಾಚ್‌ಮನ್ ಲಾಠಿ ಹಿಡ್ಕೊಂಡು "ಕಾಯ್ ಝಾಲಂ, ಕಾಯ್ ಝಾಲಂ" (ಏನಾಯ್ತು, ಏನಾಯ್ತು) ಅಂತ ಮರಾಠೀಲಿ ಕೂಗ್ತಾ ಓಡಿ ಬಂದ, ಹಿಂದೇನೇ ಸೊಸೈಟಿ ಸೆಕ್ರೆಟರಿ ಪೈಜಾಮದಲ್ಲಿ.

ದೊಡ್ಡ ರಗಳೆ ಅಂದ್ರೆ ದೆವ್ವದ್ದು. ಲಂಡನ್ನಿನ ದೆವ್ವದ ಹಾಗೇ ನಮ್ಮದಕ್ಕೂ ಡೈಲಾಗ್ ಇಲ್ಲ, ಸುಮ್ಮನೆ ಬರಬೇಕು, ನಿಲ್ಲಬೇಕು, ಹೋಗಬೇಕು. ಮೂರನೇ ಮಾಳಿಗೆ ಅಕ್ಕ ಒಪ್ಕೊಂಡ್ರು, ಆದ್ರೆ ಅವರತ್ತೆ, "ಅಡುಗೆಮನೇಲಿ ಬಾಯಿ ಮುಚ್ಚಲ್ಲ, ಸ್ಟೇಜ್ ಮೇಲೆ ಮಾತೇ ಇಲ್ವಾ? ಎಂಥಾ ಪಾರ್ಟು ಕೊಟ್ಟಿದೀರಿ ನಮ್ಮ ಸೊಸೆಗೆ?" ಅಂತ ಜಗಳಕ್ಕೇ ಬಂದ್ರು. ಇದು ಸೊಸೆ ಪರವೋ ವಿರೋಧವೋ ಇವತ್ತಿಗೂ ಗೊತ್ತಾಗಿಲ್ಲ.

ಪ್ರದರ್ಶನದ ದಿನ ಲೈಟ್ ಎಲ್ಲ ಆರಿಸಿದ್ವಿ. ಮುಂಬೈ ಕಡೆ ಕತ್ತಲೆ ಅನ್ನೋದು ಬಾಡಿಗೆಗೂ ಸಿಗಲ್ಲ, ಎದುರು ಬಿಲ್ಡಿಂಗಿನ ಸೀರಿಯಲ್ ಬೆಳಕು, ಮಧ್ಯೆ ಮಧ್ಯೆ ಫಾಸ್ಟ್ ಲೋಕಲ್ ರೈಲಿನ ಹಾರ್ನ್. ಆದ್ರೂ ಜನ ಸುಮ್ಮನಾದ್ರು, ಒಬ್ಬ ಹುಡುಗ ಅಮ್ಮನ ಸೆರಗು ಹಿಡ್ಕೊಂಡ, ನಮಗೆ ಖುಷಿಯೋ ಖುಷಿ. ಲಂಡನ್ನಲ್ಲಿ ದೆವ್ವ ಪ್ರೇಕ್ಷಕರ ನಡುವೆನೇ ನಡ್ಕೊಂಡು ಬರುತ್ತೆ ಅಂತ ಕೇಳಿದ್ವಲ್ಲ, ನಮ್ಮಕ್ಕನೂ ಕಪ್ಪು ಸೀರೆ ಉಟ್ಟು ಮುಖಕ್ಕೆ ಪೌಡರ್ ಬಳ್ಕೊಂಡು ಕುರ್ಚಿಗಳ ಮಧ್ಯೆ ಮೆಲ್ಲಗೆ ಬಂದ್ರು. ಅಂಚಲ್ಲಿ ಕೂತಿದ್ದ ಅಜ್ಜಿ ಗಬಕ್ಕಂತ ಕೈ ಹಿಡ್ಕೊಂಡು, "ನೀನಾ? ಊಟದ ಕೂಪನ್ ತಗೊಂಡ್ಯೇನೇ, ಆಮೇಲೆ ಹೋಳಿಗೆ ಖಾಲಿ ಆಗುತ್ತೆ" ಅಂದ್ರು.

ದೆವ್ವ ಬಗ್ಗಿ, "ಅತ್ತೆ ಹತ್ರ ಇದೆ ಅಜ್ಜಿ" ಅಂತು.

ಹಾಲ್ ಪೂರ್ತಿ ನಗು. ಸ್ಟೇಜ್ ಮೇಲಿನ ಇಬ್ಬರಿಗೆ ಏನಾಯ್ತೂಂತ ಗೊತ್ತಿಲ್ಲ, ಪಾಪ, ಡಬ್ಬದ ಹಿಂದೆ ಅವಿತ್ಕೊಂಡು ಹೆದರ್ತಾನೇ ಇದ್ರು. ಮುಂದಿನ ಸಾಲಲ್ಲಿದ್ದ ಅತ್ತೆ ಮಾತ್ರ ಎದ್ದು ನಿಂತು, ಪರ್ಸಿಂದ ಕೂಪನ್ ತೆಗೆದು ಎಲ್ಲರಿಗೂ ಕಾಣೋ ಹಾಗೆ ಎತ್ತಿ ತೋರಿಸಿದ್ರು.